ಒಂದನೇ ಕ್ಲಾಸಿನ ಎತ್ತರ

ನಲಿಕಲಿ ಕೋಣೆಯ ಗೋಡೆಗೊಂದು ಜಿರಾಫೆ,
ಮಕ್ಕಳ ಎತ್ತರ ಅಳೆಯಲೆಂದು
ಡ್ರಾಯಿಂಗ್ ಮೇಷ್ಟ್ರು ಬರೆದದ್ದು.
ಗೊರೂರಿನ ಗೇಟು ತೆಗೆದ ರಾತ್ರಿ
ಹೊಳೆನರಸೀಪುರದ ಕೆಳಬೀದಿಗೆ ನುಗ್ಗಿದ ಹೇಮಾವತಿ
ತಾನೂ ಅದಕ್ಕೆ ಬೆನ್ನು ಕೊಟ್ಟು ನಿಂತಳು.
ನಾಲ್ಕಡಿ ಎರಡಿಂಚು.
ಕಂದು ಗೆರೆ ಎಳೆದು ಹೋದಳು.
ಒಂದನೇ ಕ್ಲಾಸಿನಲ್ಲಿ ಅಷ್ಟೆತ್ತರದವರು ಯಾರೂ ಇಲ್ಲ.

ಹನ್ನೊಂದು ದಿನ ಗುದ್ದಲಿ, ಬಕೆಟ್ಟು, ತೆಂಗಿನ ಪೊರಕೆ.
ಪುಟ್ಟತಾಯಮ್ಮ ಬೇಳೆ ಡಬ್ಬದ ಮುಚ್ಚಳ ತೆಗೆದವಳೇ
ಮುಖ ತಿರುಗಿಸಿದಳು.
ಆರೋಗ್ಯ ಇಲಾಖೆಯ ಹುಡುಗ
ಗಾಜಿನ ಕೊಳವೆಗೆ ಎರಡು ಹನಿ ಬಿಟ್ಟು
'ಹಳದಿ ಬಂತು ಮೇಡಂ, ನೀರು ಪಾಸು' ಅಂದ.
ನೀರೇನೋ ಪಾಸು.
ನೆಲ?

ಪಕ್ಕದ ಗೊಬ್ಬರದಂಗಡಿಯ ಗೋದಾಮು
ನಮ್ಮ ಕಾಂಪೌಂಡು ಹಾದೇ ಹೊಳೆ ಸೇರಿತ್ತು:
ಆಲೂಗಡ್ಡೆ ಬೀಜಕ್ಕೆ ಹಚ್ಚುವ ಪುಡಿ,
ಕಳೆಗೆ ಹೊಡೆಯುವ ಎಣ್ಣೆ.
ಕಿಟಕಿಯ ಸರಳಿಗೆ ಸಿಕ್ಕಿಬಿದ್ದ ಡಬ್ಬಿಯ ಮೇಲೆ
ತಲೆಬುರುಡೆ ಕಂಡು ಮುಬೀನಾ ಕೇಳಿದ್ದಳು,
'ಇವನ್ಯಾಕೆ ಮಿಸ್ ನಗ್ತಾ ಇದಾನೆ?'

ಸೋಮವಾರದಿಂದ ಶಾಲೆ ಶುರು, ವಾಟ್ಸಾಪಿನಲ್ಲಿ ಆದೇಶ.
ಶನಿವಾರ ಸಾಹೇಬರ ಜೀಪು.
ಬಾಗಿಲಲ್ಲೇ ನಿಂತು ಒಮ್ಮೆ ಉಸಿರೆಳೆದು
'ವಾಸನೆ ಏನೂ ಇಲ್ವಲ್ಲಮ್ಮ, ನೆಲ ಒಣಗಿದೆ' ಎಂದರು.

ಒಣಗಿದ್ದೇ ತೊಂದರೆ ಸರ್, ಒಣಗಿದ ಕೆಸರು ಏಳುತ್ತದೆ.
ನಿಮ್ಮ ಮೂಗು ನೆಲದಿಂದ ಐದೂವರೆ ಅಡಿ, ನನ್ನದು ಐದು.
ಇಲ್ಲಿ ಚಾಪೆ ಹಾಸಿ ಕೂರುವವರದು ಎರಡೇ ಅಡಿ,
ಸ್ಲೇಟಿಗೆ ಬಗ್ಗಿದರೆ ಇನ್ನೂ ಕಮ್ಮಿ.
ಬಳಪ ಬಿದ್ದರೆ ಎತ್ತಿ ಬಾಯಿಗಿಡುವವರು.
ಕೂತು ನೋಡಿ ಸರ್.

ಅಂದುಬಿಟ್ಟ ಮೇಲೆ ನನಗೇ ಕೈ ನಡುಗಿತು.
ಇಪ್ಪತ್ತೆರಡು ವರ್ಷ ನೌಕರಿಯಲ್ಲಿ
ಮೇಲಿನವರಿಗೆ ಕುರ್ಚಿ ಒರೆಸಿ ಕೊಟ್ಟು ಗೊತ್ತು,
ನೆಲ ತೋರಿಸಿ ಗೊತ್ತಿಲ್ಲ.

ಇಸ್ತ್ರಿ ಪ್ಯಾಂಟು ಮೊಣಕಾಲ ಬಳಿ ಎತ್ತಿಕೊಂಡು
ಕೂತರು. ಮಂಡಿ ಲಟಕ್ಕೆಂದಿತು.
ಆಚೆ ಕೋಣೆಯಲ್ಲಿ ನಿಂಗರಾಜು ಗುಡಿಸುತ್ತಿದ್ದ,
ಬಿಸಿಲ ಕೋಲಿನಲ್ಲಿ ಧೂಳು
ಮೇಲೂ ಹೋಗದೆ, ಕೆಳಗೂ ಇಳಿಯದೆ
ಅವರ ಮೀಸೆಯ ಮಟ್ಟದಲ್ಲೇ ಸುಳಿಯುತ್ತಿತ್ತು.
ಜಿರಾಫೆಯ ಕುತ್ತಿಗೆಯನ್ನು ಕೆಳಗಿನಿಂದ ನೋಡಿದರು, ಬಹಳ ಹೊತ್ತು.
ಕರ್ಚೀಫು ತೆಗೆದರು.
'ಈ ಮಣ್ಣನ್ನ ಪರೀಕ್ಷೆಗೆ ಎಲ್ಲಿಗೆ ಕಳಿಸಬೇಕು?'
ನನಗೂ ಗೊತ್ತಿರಲಿಲ್ಲ.

ಈಗ ನಾವು ಸ್ತ್ರೀಶಕ್ತಿ ಸಂಘದ ಮಹಡಿ ಮೇಲೆ.
ಮೂವತ್ತೊಂದು ಮಕ್ಕಳು, ಒಂದೇ ಕರಿಹಲಗೆ.
ಕೈ ತೊಳೆಯಿರೋ ಎಂದರೆ ಸೋಪಿನ ಗುಳ್ಳೆ ಊದುತ್ತಾರೆ.
ಮಣ್ಣು ಮೈಸೂರಿಗೆ ಹೋಗಿದೆಯಂತೆ.

ಚಪ್ಪಲಿ ಬಿಟ್ಟು, ತುದಿಗಾಲಲ್ಲಿ ನಿಂತು
ಯಶಸ್ ಕೇಳುತ್ತಾನೆ,
'ಮಿಸ್, ನನ್ನ ಎತ್ತರ ನೋಡೋದು ಯಾವಾಗ?'
ಜಿರಾಫೆಗೆ ಹುಷಾರಿಲ್ಲ ಕಣೋ,
ರಿಪೋರ್ಟು ಬರಲಿ, ಅಂದೆ.