ಕೋಡೊಲೆ

ಸೊಹಾರಿನ ದವಾಖಾನೆ, ನೆಲದಡಿಯ ಎರಡನೇ ಮಾಳಿಗೆ.
ಮೇಲೆ ನಲವತ್ತೇಳು ಡಿಗ್ರಿ, ಸಮುದ್ರದ ಹಬೆ ಬೇರೆ.
ಕೆಳಗೆ ನಾನು, ಗ್ಯಾಸಿನ ಎಂಜಿನ್ನು,
ಕಿವಿಗೆ ಹಳದಿ ರಬ್ಬರಿನ ಬಿರಟೆ.

ದ್ಯಾವಪ್ಪ ಎಂಬ ಹೆಸರು ಖಲ್ಫಾನನ ನಾಲಿಗೆಗೆ ಹೊರಳದೆ
ದವಾ ಆಗಿದೆ. ಅಂದರೆ ಔಷಧ,
ಅವನ ಭಾಷೆಯಲ್ಲೂ, ನಮ್ಮ ರಾಯಚೂರಿನಲ್ಲೂ.
ದವಾಖಾನೆಗೊಬ್ಬ ದವಾ ಇರಲಿ ಎಂದು ಸುಮ್ಮನಿದ್ದೇನೆ.

ಎಂಜಿನ್ನು ಕರೆಂಟು ಕೊಡುತ್ತದೆ; ಅದು ಸಂಬಳದ ಕೆಲಸ.
ಉರಿದದ್ದರಲ್ಲಿ ಅರ್ಧಕ್ಕೂ ಮಿಗಿಲು ಬರೀ ಬೆವರು,
ಹೊಗೆಯ ಬಿಸಿ, ಮೈಸುತ್ತ ಹರಿವ ನೀರಿನ ಬಿಸಿ.
ಶಕ್ತಿನಗರದ ಕ್ವಾರ್ಟರ್ಸಿನ ಕಿಟಕಿಯಿಂದ ಚಿಕ್ಕಂದಿನಲ್ಲಿ
ನೋಡಿದ್ದೆಲ್ಲ ಅದೇ: ಆಕಾಶಕ್ಕೆ ಚೆಲ್ಲಿದ ಬಿಸಿ.
ಮೋಡವೆಂದು ತಿಳಿದು ತಂಗಿ
ಒಣಗಿದ ಬಟ್ಟೆಗಳನ್ನು ಒಳಗೆ ತರುತ್ತಿದ್ದಳು.

ಹಿತ್ತಲಲ್ಲಿ ಅವ್ವ ಮಾತ್ರ ಒಲೆಯ ಬೆನ್ನಿಗೊಂದು ತೂತು ಬಿಟ್ಟಿದ್ದಳು.
ರೊಟ್ಟಿಗೆಂದು ಉರಿದದ್ದರಲ್ಲೇ ಕೋಡೊಲೆಯ ಮೇಲೆ ಬ್ಯಾಳಿ ಬೇಯಬೇಕು,
ಬ್ಯಾಳಿ ಇಳಿಸಿದ ಕಾವಿಗೆ ಹಾಲು.

ಇಲ್ಲಿಯ ಕೋಡೊಲೆ ತಿರುಗುಮುರುಗು:
ಬಿಸಿ ಕೊಟ್ಟರೆ ತಂಪು ಕೊಡುತ್ತದೆ.
ಒಳಗಿರುವುದು ಹುಟ್ಟು ಬಾಯಾರಿಕೆಯ ಒಂದು ಉಪ್ಪು.
ಗಾಳಿ ತೆಗೆದ ಉಕ್ಕಿನ ಹೊಟ್ಟೆಯಲ್ಲಿ
ನೀರು ತಣ್ಣಗಿದ್ದೇ ಕುದಿಯುತ್ತದೆ,
ಎದ್ದ ಆವಿಯನ್ನು ಉಪ್ಪು ಕುಡಿಯುತ್ತದೆ.
ಕುಡಿದು ಕುಡಿದು ಸಪ್ಪಗಾದ ಅದನ್ನು
ಎಂಜಿನ್ನಿನ ಬಿಸಿ ಹಿಂಡಿ, ಮತ್ತೆ ಕುಡಿಯಲು ಕೂರಿಸುತ್ತದೆ.

ಉರಿಯುವ ಮನೆಯ ಗಳ ಹಿರಿಯುವವನು ಅಂದರೆ ನಮ್ಮಲ್ಲಿ ಬೈಗುಳ.
ಹೌದು, ನನ್ನ ಕಸುಬು ಅದೇ.

ರಾತ್ರಿ ವಾರ್ಡುಗಳು ಕಡಿಮೆ ಬೇಡುವಾಗ
ಮಿಕ್ಕ ತಂಪನ್ನು ಅಂಗಳದ ಟ್ಯಾಂಕಿಗೆ ತುಂಬುತ್ತೇವೆ.
ತಣ್ಣೀರು ತಳಕ್ಕೆ, ಬೆಚ್ಚನೆಯದು ಮೇಲಕ್ಕೆ,
ನಡುವೆ ಗೋಡೆಯಿಲ್ಲ, ಬರೀ ಮರ್ಯಾದೆ.
ರಭಸಕ್ಕೆ ಎರಡೂ ಕೆಡುತ್ತವೆ.
ಮಲಗಿದವರ ಪಕ್ಕ ಹಾದುಹೋಗುವ ಹಾಗೆ ತುಂಬು,
ಅನ್ನುತ್ತಾನೆ ಖಲ್ಫಾನ್.

ಆಗಸ್ಟಿನ ಒಂದು ಮಧ್ಯಾಹ್ನ, ಎರಡು ಹತ್ತಕ್ಕೆ,
ಊರಿನ ತಂತಿ ಸತ್ತಿತು.
ಬೆನ್ನಿಗೇ ಎಂಜಿನ್ನೂ ಕೆಮ್ಮಿ ನಿಂತಿತು.
ಆ ಮಾಳಿಗೆಯಲ್ಲಿ ಅಲ್ಲಿಯವರೆಗೆ ಕೇಳಿರದ ಸದ್ದು:
ನನ್ನದೇ ಉಸಿರು.

ಬ್ಯಾಟರಿಗಳು ಪಂಪುಗಳ ಕೈ ಹಿಡಿದವು.
ಟ್ಯಾಂಕು ನಿನ್ನೆಯ ರಾತ್ರಿಯನ್ನು ಬಡಿಸತೊಡಗಿತು.
ಅದರ ಮೈಯುದ್ದಕ್ಕೂ ಹನ್ನೆರಡು ಮಾಪಕ, ಅಂಗಿಯ ಗುಂಡಿಗಳಂತೆ;
ಮೇಲಿಂದ ಒಂದೊಂದಾಗಿ ಬೆಚ್ಚಗಾಗುತ್ತ ಬಂದವು.
ಐದು. ಆರು. ಎಂಜಿನ್ನಿನಡಿ ಖಲ್ಫಾನನ ಕಾಲಷ್ಟೇ ಕಾಣುತ್ತಿತ್ತು,
ಗ್ಯಾಸಿನ ವಾಲ್ವಿಗೆ ಅವನು ಅರಬ್ಬಿಯಲ್ಲಿ ಏನೇನೋ ಹೇಳುತ್ತಿದ್ದ.
ಏಳು. ಎಂಟು.

ನಾಲ್ಕನೇ ಮಹಡಿಯಿಂದ ಮರಿಬೆಲ್ ಫೋನು,
ತಿಂಗಳು ತುಂಬದ ಕೂಸುಗಳ ಕೋಣೆಯವಳು:
ಇಲ್ಲೆಲ್ಲ ಸರಿ ಇದೆ ದವಾ, ಕೆಳಗೆ ಏನಾದರೂ ಆಗಿದೆಯಾ?
ಏನಿಲ್ಲ, ಅಂದೆ.
ಒಂಬತ್ತನೆಯ ಗುಂಡಿ ಬಿಚ್ಚಿತ್ತು.

ಹನ್ನೊಂದನೆಯದಕ್ಕೆ ಎಂಜಿನ್ನು ಎದ್ದಿತು.
ಉಪ್ಪಿಗೆ ಬಾಯಾರಲು ಇನ್ನೂ ಸ್ವಲ್ಪ ಹೊತ್ತು ಹಿಡಿಯಿತು;
ಆ ಹೊತ್ತನ್ನು ಕೊನೆಯ ಗುಂಡಿ ತಡೆದುಕೊಂಡಿತು.

ಸಂಜೆ ತಾರಸಿಗೆ ಹೋದೆ.
ಸೌರಫಲಕಗಳ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು.
ಹೊಗೆಕೊಳವೆಯ ಬಾಯಿಗೆ ಅಂಗೈ ಹಿಡಿದೆ,
ಅವ್ವ ಬೂದಿಯ ಮೇಲೆ ಹಿಡಿಯುತ್ತಿದ್ದಂತೆ:
ಇನ್ನೂ ಏನಾದರೂ ಉಳಿದಿದೆಯಾ.

ಉಳಿದಿತ್ತು, ಒಂದಿಷ್ಟು.
ಲಾಂಡ್ರಿಯವರು ಬಿಸಿನೀರು ಸಾಲದೆಂದು ಗೊಣಗುತ್ತಿದ್ದರು.
ಖಲ್ಫಾನನಿಗೆ ಹೇಳಬೇಕು.