ಹದಿನೇಳನೇ ಮೊಳೆ

ಚೆಂಡಿಯೆಯ ಅಳಿವೆಗೆ ಅಡ್ಡಲಾಗಿ
ನಾಲ್ಕು ಉಕ್ಕಿನ ತೊಲೆ ಮಲಗಿಸಿದ್ದೆವು.
ಬೆನ್ನ ಮೇಲೆ ಸಾಲು ಸಾಲು ಮೊಳೆ,
ತಲೆ ದಪ್ಪ, ಮೈ ಹತ್ತೊಂಬತ್ತು ಎಮ್ಮೆಮ್ಮು,
ಇನ್ನೂ ಬಾರದ ಕಾಂಕ್ರೀಟಿಗಾಗಿ
ಎದ್ದು ನಿಂತವು.

ತಗಡಿನ ಶೆಡ್ಡಿನೊಳಗೆ, ಲ್ಯಾಪ್‌ಟಾಪಿನಲ್ಲಿ
ನನ್ನದೂ ಒಂದು ಸೇತುವೆ.
ಅಲ್ಲಿ ತುಕ್ಕಿಲ್ಲ, ಉಪ್ಪುಗಾಳಿಯಿಲ್ಲ,
ಭರತ ಇಳಿತದ ಹಂಗಿಲ್ಲ.
ಮೊಳೆಗೊಂದು ಸ್ಪ್ರಿಂಗು:
ಒಂದನ್ನು ಬರೆದೆ,
ಉಳಿದ ಇನ್ನೂರ ಹನ್ನೊಂದಕ್ಕೆ ಅದನ್ನೇ ಅಂಟಿಸಿದೆ.

ಮೊದಲ ವಾರ ಅದೂ ಇರಲಿಲ್ಲ.
ಉಕ್ಕು, ಕಾಂಕ್ರೀಟು ಒಂದೇ ಮೈ ಎಂದುಕೊಂಡು
ನಡುವಿನ ಗೆರೆ ಅಳಿಸಿದ್ದೆ.
ತೊಲೆ ಸೆಟೆದು ನಿಂತಿತು,
ಎಷ್ಟು ಲಾರಿ ಹತ್ತಿಸಿದರೂ ಬಾಗಲೊಲ್ಲದು.
ಲ್ಯಾಬಿನಲ್ಲಿ ಮುರಿದ ಮಾದರಿ ಮಾತ್ರ
ನನ್ನ ಲೆಕ್ಕಕ್ಕಿಂತ ಆರು ಎಮ್ಮೆಮ್ಮು ಹೆಚ್ಚೇ ಬಾಗಿತ್ತು.
ಹೋಗಲಿ, ಕೂದಲೆಳೆಯಷ್ಟು ಜಾರಲಿ
ಎಂದು ಬಿಟ್ಟೆ.
ಎರಡೂ ಗೆರೆಗಳು ಒಂದರ ಮೇಲೊಂದು ಬಂದು ಕೂತವು.

ಹೊರಗೆ ಪುರಸು ಹರಿಕಂತ್ರ
ಸುತ್ತಿಗೆ ಹಿಡಿದು ಸಾಲಿನುದ್ದ ನಡೆಯುತ್ತಿದ್ದ.
ಹದಿನೈದು ವರ್ಷ ಬೈತಖೋಲದಲ್ಲಿ
ಟ್ರಾಲರುಗಳ ಹೊಟ್ಟೆಗೆ ತೇಪೆ ಹಾಕಿದವ.
ಟಿಣ್. ಟಿಣ್. ಟಿಣ್.
ಮೂರನೇ ತೊಲೆಯ ಹದಿನೇಳಕ್ಕೆ ಬಂದು
ಟೊಕ್.
ನಿಂತ. ಇನ್ನೊಮ್ಮೆ.
ಟೊಕ್.
"ಇದು ಹಿಡ್ದಿಲ್ಲ, ಮೇಡಮ್ಮೋರೆ."

ಶೆಡ್ಡಿಗೆ ಬಂದು ಆ ಸ್ಪ್ರಿಂಗು ಕಿತ್ತೆ,
ಸೊನ್ನೆ ಬರೆದೆ.
ತೊಲೆಗೆ ಗೊತ್ತೇ ಆಗಲಿಲ್ಲ.
ಹದಿನಾರು, ಹದಿನೆಂಟು ತುಸು ಹೆಗಲು ಕೊಟ್ಟವು;
ಬಿಂದುವಿನಾಚೆ ನಾಲ್ಕನೇ ಸ್ಥಾನದಲ್ಲಿ
ಒಂದು ಅಂಕಿ ಬದಲಾಯಿತು, ಅಷ್ಟೇ.
ಅವನನ್ನು ಕರೆದು ತೋರಿಸಿದೆ.
ಪರದೆ ನೋಡಿದ, ಬಣ್ಣ ಚಂದ ಉಂಟು ಎಂದ,
ಹೋಗಿ ಗ್ರೈಂಡರ್ ಹಚ್ಚಿದ.

ಇಳಿತದ ಕೆಸರಲ್ಲಿ ಬಳಚು ಹೆಕ್ಕುತ್ತಿದ್ದ ಹೆಂಗಸರು
ಕಿಡಿ ಸಿಡಿದೀತೆಂದು
ಬೈಯುತ್ತ ಆಚೆ ಸರಿದರು.
ಹೊಸ ಮೊಳೆ ನಿಲ್ಲಿಸಿ,
ಪಿಂಗಾಣಿಯ ಉಂಗುರ ಒಡೆದು,
ಒಂದು ಬೀಡಿಯ ಹೊತ್ತು ತಣಿಯಬಿಟ್ಟು
ಬಡಿದ.
ಟಿಣ್.

ಮರುದಿನ ನಸುಕಿಗೇ ಕಾಂಕ್ರೀಟು ಬಂತು.
ಮಧ್ಯಾಹ್ನದೊಳಗೆ ಎಲ್ಲ ಬೂದು, ಎಲ್ಲ ಸಪಾಟು;
ಹದಿನೇಳು ಎಲ್ಲಿತ್ತು
ಎಂದು ಈಗ ಕೇಳಿದರೆ
ನಾನು ಫೈಲು ತೆರೆಯಬೇಕು.

ತಿಂಗಳ ಮೇಲೆ ಮೊದಲ ಮೀನಿನ ಲಾರಿ
ಐಸಿನ ನೀರು ಸೋರಿಸುತ್ತ ದಾಟಿತು.
ನಾನು ಮೇಲೆ, ಮೀಟರಿನ ಮುಳ್ಳು ಓದುತ್ತಿದ್ದೆ.
ಪುರಸು ಕೆಳಗೆ, ಮೊಣಕಾಲುದ್ದ ನೀರಲ್ಲಿ,
ಮೂರನೇ ತೊಲೆಯ ಅಡಿಗೆ
ತಲೆ ಓರೆ ಮಾಡಿ ನಿಂತು
ಕೇಳುತ್ತಿದ್ದ.