ಐದನೇ ಜ್ವರ

ಹುಳಕ್ಕೆ ನಾಲ್ಕು ಜ್ವರ.
ಸೊಪ್ಪು ಯಾವಾಗ ನಿಲ್ಲಿಸಬೇಕು, ಎದ್ದ ಮೇಲೆ ಯಾವಾಗ ಹಾಕಬೇಕು,
ದಿಬ್ಬೂರಹಳ್ಳಿಯ ಯಾವ ಮಗುವನ್ನು ಕೇಳಿದರೂ ಹೇಳುತ್ತೆ.
ಐದನೆಯದು ನನ್ನ ಓಮ್ನಿಯದು.
ಅದಕ್ಕೆ ದಿನವಿಲ್ಲ, ಗಳಿಗೆಯಿಲ್ಲ.

ಯಾವುದೋ ಶಿಶುವಿಹಾರದಿಂದ ಕೊಂಡ ಗಾಡಿ,
ಬಾಗಿಲ ಮೇಲೆ ಇನ್ನೂ ಅರ್ಧ ಮೊಲ, ಒಂದು ಬಲೂನು.
ಹಿಂದಿನ ಸೀಟು ಕಿತ್ತು ಗೂಡಿನ ಚೀಲ ಪೇರಿಸಿ
ಮೂರು ದಿನ ಶಿಡ್ಲಘಟ್ಟಕ್ಕೆ ಹೋಗಿಬಂದರೆ
ಮುಳ್ಳು ನಡುಮಧ್ಯೆ ಗರತಿಯ ಹಾಗೆ.
ನಾಲ್ಕನೇ ದಿನ ನನ್ನ ಸೀಟಿನ ಕೆಳಗೇ ಒಲೆ ಹೊತ್ತುತ್ತೆ.
ಇಳಿದು, ಸೀಟೆತ್ತಿ, ಒದ್ದೆ ಗೋಣಿಯಲ್ಲಿ ಮುಚ್ಚಳ ಹಿಡಿದು
ಯಾರದೋ ತೋಟದ ಬೋರಿನ ನೀರು ಎರಡು ಬಾಟಲಿ.
ಅಷ್ಟೇ. ಏನೂ ಆಗಿಲ್ಲವೆಂಬಂತೆ ಹೊರಡುತ್ತೆ.

ಇದಾಯತಣ್ಣನ ಗ್ಯಾರೇಜಿನಲ್ಲಿ ಮಾತ್ರ
ಡಾಕ್ಟರ ಮುಂದೆ ಜ್ವರ ಬಿಟ್ಟ ಮಗು.
ಪಂಪು ಹಚ್ಚಿ ಗಾಳಿ ಒತ್ತಿದ,
ಗೇಜಿನ ಮುಳ್ಳು ಕದಲಲಿಲ್ಲ.
ರಬ್ಬರಿನ ಪೈಪುಗಳನ್ನು ನಾಡಿಯ ಹಾಗೆ ಹಿಸುಕಿದ.
"ಎಲ್ಲಿ ಸೋರ್ತದೆ ತೋರ್ಸಕ್ಕ?"
ತೋರಿಸಲಿಕ್ಕೆ ನನ್ನ ಹತ್ತಿರ ಏನಿದೆ,
ಖಾಲಿಯಾದ ಡಬ್ಬಿ ಬಿಟ್ಟು?

ಮುಚ್ಚಳ ಹೊಸದಾಯಿತು. ವಾಟರ್ ಪಂಪು ಬಿಚ್ಚಿ ನೋಡಿದ್ದಾಯಿತು.
ಗೂಡಿನ ದಲ್ಲಾಳಿ ಪಿಳ್ಳಪ್ಪ ಹೇಳಿದನೆಂದು
ರೇಡಿಯೇಟರಿಗೆ ಒಂದು ಹಿಡಿ ಅರಿಶಿನವೂ ಬಿತ್ತು.
ಎರಡು ದಿನ ದಾರಿಯುದ್ದಕ್ಕೂ ಒಗ್ಗರಣೆ ವಾಸನೆ.
ಮೂರನೇ ದಿನ ಮತ್ತೆ ಒಲೆ.

ಅಣ್ಣನ ಮಗ ರವಣ, ಏಳನೇ ಕ್ಲಾಸು,
ಟಿವಿ ಬಂದ ರಟ್ಟಿನ ಪೆಟ್ಟಿಗೆ ಬಿಚ್ಚಿ ಹಾಸಿ
ಗಾಡಿಯ ಕೆಳಗೆ ತಳ್ಳಿದ.
ಬೆಳಿಗ್ಗೆ ಎಳೆದು ನೋಡುವುದು,
ಕಲೆಯಿದ್ದರೆ ಸುತ್ತ ಪೆನ್ಸಿಲಿನಲ್ಲಿ ಒಂದು ಗೆರೆ,
ಪಕ್ಕದಲ್ಲಿ ತಾರೀಕು.
ಹದಿನೆಂಟು ದಿನ. ಆರು ಕಲೆ.
ಎಲ್ಲ ಒಂದೇ ಮೂಲೆಯಲ್ಲಿ, ಕೋಳಿಮರಿಗಳ ಹಾಗೆ ಒತ್ತಿಕೊಂಡು.
"ಅತ್ತೆ, ಇವೆಲ್ಲ ನೀನು ನಂಗೆ ಎರಡು ಕಂಬಳಿ ಹೊದಿಸಿದ್ದ ರಾತ್ರಿಗಳು."

ಮಾಗಿಯ ಚಳಿ. ಮೂರೂವರೆ.
ಗೋಣಿ ಹಾಸಿ, ಟಾರ್ಚು ಹಲ್ಲಿನಲ್ಲಿ ಕಚ್ಚಿ
ಗಾಡಿಯ ಹೊಟ್ಟೆಯ ಕೆಳಗೆ ಅಂಗಾತ ಮಲಗಿದೆ.
ಕಣ್ಣಿಗೆ ತುಕ್ಕು ಉದುರಿತು. ಮಂಡಿ ಮರಗಟ್ಟಿತು.
ನಮ್ಮ ಕೆಂಚ ಬಂದು ಪಾದ ಮೂಸಿ, ಬೇಸರಪಟ್ಟು ಹೋಯಿತು.

ಮೊದಲು ಕಂಡದ್ದು ಹನಿಯಲ್ಲ, ಒಂದು ಬಿಳಿ ಗೆರೆ.
ಸಾವಿರದಿನ್ನೂರು ಅಡಿಯಿಂದ ಮೇಲೆ ಬಂದ ನಮ್ಮ ನೀರು,
ಕೊಡದ ಕಂಠಕ್ಕೆ, ಹಲ್ಲಿಗೆ, ಸ್ನಾನದ ಹಂಡೆಗೆ
ತನ್ನ ಸುಣ್ಣ ಬಿಟ್ಟೇ ಹೋಗುವ ನೀರು,
ಇಲ್ಲಿಯೂ ಹೋದ ದಾರಿ ಬರೆದಿಟ್ಟಿತ್ತು.
ಕಬ್ಬಿಣದ ಪೈಪು ರಬ್ಬರನ್ನು ಸೇರುವಲ್ಲಿ
ಕ್ಲಾಂಪಿನ ಅಡಿಯಿಂದ ಹೊರಟು,
ಒಂದು ಬೋಲ್ಟು ಸುತ್ತಿ, ಚಾಸಿಯ ಅಂಚು ಹಿಡಿದು
ಮೊಳದುದ್ದ ಆಚೆ ಮುಗಿಯುತ್ತಿತ್ತು.
ನಾವು ಹುಡುಕಿದ್ದೆಲ್ಲ ಮುಗಿಯುವ ಕಡೆ.

ಆಮೇಲೆ ಹನಿ.
ತುಂಬ ಹೊತ್ತು ಯೋಚಿಸಿ, ತೆಳು ಹಸಿರು,
ಟಾರ್ಚಿನ ಬೆಳಕನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು
ನನ್ನ ಗಲ್ಲದ ಮೇಲೆ ಬಿತ್ತು.

"ಚಳಿಗೆ ಕಬ್ಬಿಣ ಮುದುರ್ಕೊಂತದೆ,
ಹಳೇ ರಬ್ಬರು ಜತೆಗೆ ಮುದುರಲ್ಲ," ಅಂದ ಇದಾಯತಣ್ಣ,
"ಬಿಸಿಯಾಗ್ತಿದ್ದಂಗೆ ಎರಡೂ ಉಬ್ಬಿ ಬಾಯಿ ಮುಚ್ಕೊಂತವೆ.
ನನ್ನ ಹತ್ರ ಬರೋ ಹೊತ್ತಿಗೆ ಒಳ್ಳೇವಾಗಿರ್ತವೆ."
ಕ್ಲಾಂಪಿಗೆ ನಲವತ್ತು, ಗೇಣುದ್ದ ಪೈಪಿಗೆ ನೂರಿಪ್ಪತ್ತು.
ಕೂಲಿ ತೆಗೆದುಕೊಳ್ಳಲಿಲ್ಲ, ಮುಖ ಸಣ್ಣದು ಮಾಡಿಕೊಂಡಿದ್ದ.

ಅದಾದ ರಾತ್ರಿ ಎಷ್ಟು ಕೊರೆಯಿತೆಂದರೆ
ಚಂದ್ರಿಕೆ ಮನೆಗೆ ಇದ್ದಿಲು ಹಾಕಲು ಎರಡು ಸಲ ಎದ್ದೆ.
ಬೆಳಿಗ್ಗೆ ರವಣ ರಟ್ಟು ಎಳೆದ, ತಿರುಗಿಸಿದ, ಮೂಸಿದ.
ಒಣಗಿತ್ತು.
ಕಿವಿಯಿಂದ ಪೆನ್ಸಿಲು ತೆಗೆದು
ಏನೂ ಇಲ್ಲದ ಕಡೆ ಒಂದು ಗೆರೆ ಸುತ್ತಿ
ತಾರೀಕು ಬರೆದ.